ಒಂದಕ್ಷರದ ತಿದ್ದುಪಡಿ

ನನಗೊಂದು ಕೆಟ್ಟ ಚಾಳಿಯಿದೆ. ಬೇರೆಯವರು ಬರೆದದ್ದರಲ್ಲಿ ತಪ್ಪು ಕಂಡರೆ ತಿದ್ದದೆ ಇರಲಾರೆ. ಮದುವೆಯ ಕರೆಯೋಲೆ ಕೈಗೆ ಬಂದರೆ ವಧೂವರರ ಹೆಸರಿಗಿಂತ ಮೊದಲು ನನ್ನ ಕಣ್ಣು ಒತ್ತಕ್ಷರಗಳ ಮೇಲೆ ಹೋಗುತ್ತದೆ. ಲೆಸ್ಟರ್‌ನ ಒಂದು ಅಂಗಡಿಯಲ್ಲಿ ಹೀರೇಕಾಯಿಯ ಬುಟ್ಟಿಗೆ ಹಾಗಲಕಾಯಿಯ ಚೀಟಿ ಅಂಟಿಸಿದ್ದನ್ನು ಕಂಡು, ಜೇಬಿನಿಂದ ಪೆನ್ನು ತೆಗೆದು ತಿದ್ದಿ, ಅಂಗಡಿಯವರಿಂದ ಬೈಸಿಕೊಂಡವನು ನಾನು. ನನ್ನ ಹೆಂಡತಿ ಸುನಂದಾ ನನ್ನೊಡನೆ ಹೊರಗೆ ಹೊರಡುವಾಗ ನನ್ನ ಜೇಬು ತಡವಿ ಪೆನ್ನು ತೆಗೆದಿಡುತ್ತಾಳೆ. ಆಕೆ ವೃತ್ತಿಯಿಂದ ಡಾಕ್ಟರು, ಇಂಥ ರೋಗಗಳಿಗೆ ಮದ್ದಿಲ್ಲ ಎಂದು ಆಕೆಗೆ ಗೊತ್ತು.

ತಪ್ಪು ನನ್ನೊಬ್ಬನದೇ ಅಲ್ಲ, ನನ್ನ ಹೊಟ್ಟೆಪಾಡಿನದೂ ಹೌದು. ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಔಷಧ ತಯಾರಿಸುವ ಕಡೆ ಇಪ್ಪತ್ತೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮಾತ್ರೆ ಮಾಡುವವನಲ್ಲ, ಮಾತ್ರೆ ಮಾಡಿದವರು ಬರೆದಿಟ್ಟ ಕಾಗದ ಓದುವವನು. ಎಷ್ಟು ಪುಡಿ ಸುರಿದರು, ಎಷ್ಟು ಹೊತ್ತಿಗೆ ಸುರಿದರು, ಸುರಿದವರು ಯಾರು, ಅವರು ಸುರಿಯುವಾಗ ಪಕ್ಕದಲ್ಲಿ ನಿಂತು ನೋಡಿದವರು ಯಾರು. ಮಾಡಿದವನದೊಂದು ರುಜು, ನೋಡಿದವನದೊಂದು ರುಜು. ಕಾಗದದಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂಬುದು ನಮ್ಮಲ್ಲಿನ ಮೊದಲ ಪಾಠ. ತಿದ್ದುವುದಕ್ಕೂ ಒಂದು ಶಾಸ್ತ್ರವಿದೆ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು. ಗೆರೆಯ ಕೆಳಗೆ ಹಳೆಯದು ಕಾಣುತ್ತಿರಬೇಕು. ಪಕ್ಕದಲ್ಲಿ ನಿಮ್ಮ ಹೆಸರಿನ ಮೊದಲಕ್ಷರ, ತಾರೀಖು, ತಿದ್ದಿದ್ದಕ್ಕೆ ಕಾರಣ. ಅಳಿಸುವುದು, ಬಿಳಿ ಬಳಿಯುವುದು, ಇದ್ದದ್ದನ್ನು ಇಲ್ಲವೆನ್ನಿಸುವುದು ಮಹಾಪಾಪ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಈ ಪಾಠವನ್ನು ಗಂಟಲು ಹರಿಯುವಂತೆ ಹೇಳಿಕೊಡುವವನು ನಾನೇ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಳೆದ ತಿಂಗಳು ಮ್ಯಾಂಚೆಸ್ಟರ್‌ನ ಒಂದು ಪುಟ್ಟ ಚಿತ್ರಮಂದಿರದಲ್ಲಿ ನನ್ನ ಕಸುಬಿನವನೇ ಆದ ಒಬ್ಬನನ್ನು ಕುರಿತ ಸಿನಿಮಾ ನೋಡಿದೆ. ಹಿಂದೊಮ್ಮೆ ಕಮ್ಯುನಿಸ್ಟರ ಆಳ್ವಿಕೆಯಿದ್ದ ಯಾವುದೋ ಯುರೋಪಿನ ದೇಶದ ಕತೆ. ಅಲ್ಲಿನ ಸರಕಾರ ಕವಿಗಳು, ಹಾಡುಗಾರರು, ನಾಟಕದವರು ಏನು ಮಾತಾಡುತ್ತಾರೆ ಎಂದು ಕದ್ದು ಕೇಳಿಸಿ ಬರೆಸಿಡುತ್ತಿತ್ತು. ಇಂಥ ಸಿನಿಮಾಗಳಿಗೆ ನಾನಾಗಿ ಹೋಗುವವನಲ್ಲ. ನನಗೆ ಬೇಕಾದದ್ದು ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವ ಸಿನಿಮಾ. ಆದರೆ ಟಿಕೆಟ್ ಕಳಿಸಿದವಳು ನನ್ನ ಮಗಳು ನೀಲಾ. ಅವಳು ನನ್ನೊಡನೆ ಮಾತು ಬಿಟ್ಟು ಆಗ ಐದು ವಾರವಾಗಿತ್ತು.

ನೀಲಾ ನಮ್ಮ ಒಬ್ಬಳೇ ಮಗಳು, ಲೀಡ್ಸ್‌ನಲ್ಲಿ ರಸಾಯನಶಾಸ್ತ್ರ ಓದುತ್ತಾಳೆ. ರಸಾಯನಶಾಸ್ತ್ರ ಓದುತ್ತಾಳೆ ಎಂಬುದು ನಾವು ಬಂಧುಗಳಿಗೆ ಹೇಳುವ ಮಾತು. ಅವಳ ಪ್ರಾಣವಿರುವುದು ನಾಟಕದಲ್ಲಿ. ಒಬ್ಬಳೇ ನಿಂತು ಆಡುವ ನಾಟಕವೊಂದನ್ನು ತಾನೇ ಬರೆಯುತ್ತಿದ್ದಾಳೆ, ಒಂದು ಪಬ್ಬಿನ ಮಹಡಿಯ ಮೇಲಿನ ಸಣ್ಣ ರಂಗದಲ್ಲಿ ಆಡಲಿದ್ದಾಳೆ. ಐದು ವಾರದ ಮೌನದ ನಂತರ ಒಂದು ಬುಧವಾರ ನನ್ನ ಫೋನಿಗೆ ಆ ಟಿಕೆಟ್ ಬಂತು. ಭಾನುವಾರ ಮಧ್ಯಾಹ್ನ ಎರಡು ಗಂಟೆ, ಸೀಟು ಹನ್ನೆರಡು. ಒಂದಕ್ಷರ ಮಾತಿಲ್ಲ. ಹನ್ನೊಂದರಲ್ಲೋ ಹದಿಮೂರರಲ್ಲೋ ಅವಳು ಕೂತಿರುತ್ತಾಳೆ ಎಂದು ನಾನೇ ಅರ್ಥ ಮಾಡಿಕೊಂಡೆ. ಅಂಗಿಗೆ ಇಸ್ತ್ರಿ ಹಾಕಿಕೊಂಡೆ. ಊರಿನಿಂದ ತಂದ ಕರದಂಟಿನ ಡಬ್ಬಿ ಚೀಲಕ್ಕೆ ಹಾಕಿಕೊಂಡೆ; ಅದು ಅವಳಿಗೆ ಚಿಕ್ಕಂದಿನಿಂದ ಇಷ್ಟ. ಸುನಂದಾ ನನ್ನ ಜೇಬಿನಿಂದ ಪೆನ್ನು ತೆಗೆದಿಟ್ಟಳು.

ಚಿತ್ರಮಂದಿರದಲ್ಲಿ ಒಟ್ಟು ಒಂಬತ್ತು ಜನರಿದ್ದರು. ಹನ್ನೊಂದೂ ಖಾಲಿ, ಹದಿಮೂರೂ ಖಾಲಿ. ಕರದಂಟಿನ ಡಬ್ಬಿಯನ್ನು ಹದಿಮೂರರ ಮೇಲಿಟ್ಟೆ. ದಪ್ಪ ಕೋಟಿನ ಹೆಂಗಸೊಬ್ಬರು ಬಂದು, ಅಲ್ಲಿ ಯಾರಾದರೂ ಕೂರುವವರಿದ್ದಾರೆಯೇ ಎಂದು ವಿಚಾರಿಸಿದರು. ನನ್ನ ಮಗಳು ಬರುತ್ತಾಳೆ ಎಂದೆ. ಅವರು ನಕ್ಕು ಮುಂದಿನ ಸಾಲಿಗೆ ಹೋದರು. ದೀಪಗಳು ಆರಿದವು. ಅವಳು ಬರಲಿಲ್ಲ.

ಸಿನಿಮಾದಲ್ಲಿ ಹಾಡು ಕಟ್ಟುವ ಒಬ್ಬ ಹೆಂಗಸು. ಅವಳ ಮನೆಯಲ್ಲೊಂದು ಹಳೆಯ ಪಿಯಾನೊ. ತಿಂಗಳಿಗೊಮ್ಮೆ ಅದರ ತಂತಿ ಬಿಗಿದು ಶ್ರುತಿ ಸರಿಮಾಡಲು ಒಬ್ಬ ಬಡಕಲು ಮನುಷ್ಯ ಚೀಲ ಹಿಡಿದುಕೊಂಡು ಬರುತ್ತಾನೆ. ಸರಕಾರ ಅವನ ಕೈಯಲ್ಲಿ ಬೆರಳ ತುದಿಯಷ್ಟು ದೊಡ್ಡ ಮೈಕೊಂದನ್ನು ಕೊಟ್ಟು ಪಿಯಾನೊದ ಒಳಗೆ ಇಡಿಸಿದೆ. ಎರಡು ಬೀದಿ ಆಚೆಯ ಕೋಣೆಯಲ್ಲಿ ಅವನೇ ಕೂತು ಕೇಳುತ್ತಾನೆ, ಕೇಳಿದ್ದನ್ನು ಬರೆಯುತ್ತಾನೆ. ಇಷ್ಟು ಹೊತ್ತಿಗೆ ಕಿಟಕಿ ತೆರೆದಳು, ಇಷ್ಟು ಹೊತ್ತಿಗೆ ಕೆಮ್ಮಿದಳು, ಇಷ್ಟು ಹೊತ್ತಿಗೆ ಎರಡು ಸಾಲು ಹಾಡಿ ನಿಲ್ಲಿಸಿದಳು. ಅವನ ಅಕ್ಷರ ಮುತ್ತು ಪೋಣಿಸಿದಂತಿತ್ತು. ನಿಜ ಹೇಳುತ್ತೇನೆ, ಆ ಅಕ್ಷರ, ಆ ಅಂಚು, ಆ ತಾರೀಖು ಹಾಕುವ ಶಿಸ್ತು ಕಂಡು ನನಗೆ ಅವನ ಮೇಲೆ ಗೌರವ ಬಂತು. ಇಂಥವನು ನಮ್ಮ ಇಲಾಖೆಯಲ್ಲಿದ್ದರೆ ನನಗೆ ಅರ್ಧ ಕೆಲಸ ಕಡಿಮೆಯಾಗುತ್ತಿತ್ತು ಎಂದುಕೊಂಡೆ. ಆಮೇಲೆ ನನ್ನ ಬಗ್ಗೆಯೇ ಹೇಸಿಗೆಯಾಯಿತು.

ಕನ್ನಡದ ಪತ್ರಿಕೆಗಳು ಈ ಕೆಲಸಕ್ಕೆ ಕದ್ದಾಲಿಕೆ ಎನ್ನುತ್ತವೆ, ನೀವೂ ಓದಿರುತ್ತೀರಿ. ಇಂಗ್ಲಿಷಿನವರು ಅದಕ್ಕೆ ಟ್ಯಾಪ್ ಎಂದು ನಲ್ಲಿಯ ಹೆಸರನ್ನೋ ಬಗ್ ಎಂದು ಹುಳದ ಹೆಸರನ್ನೋ ಇಟ್ಟು ಸುಮ್ಮನಾಗಿದ್ದಾರೆ. ನಮ್ಮ ಭಾಷೆ ಅಷ್ಟು ಸಭ್ಯವಲ್ಲ, ಮೊದಲ ಅಕ್ಷರದಲ್ಲೇ ತೀರ್ಪು ಕೊಟ್ಟುಬಿಡುತ್ತದೆ. ಕದ್ದು ತಿಂದವನು ಕಳ್ಳನಾದರೆ ಕದ್ದು ಕೇಳಿದವನೂ ಕಳ್ಳನೇ. ಮೈಕು ಇಟ್ಟವನು ಯಾವ ಸರಕಾರದವನು, ಯಾರ ಹಿತಕ್ಕಾಗಿ ಇಟ್ಟ ಎಂದು ಅದು ವಿಚಾರಿಸುವುದಿಲ್ಲ. ಅಪ್ಪಂದಿರಿಗೆ ರಿಯಾಯಿತಿಯೂ ಇಲ್ಲ.

ಸಿನಿಮಾದ ನಡುವೆ ಒಂದು ದೃಶ್ಯ. ಆ ಬಡಕಲು ಮನುಷ್ಯ ಎಂದಿನಂತೆ ಬಂದು ಪಿಯಾನೊದ ಮುಚ್ಚಳ ತೆಗೆದು ತಂತಿ ಬಿಗಿಯುತ್ತಿದ್ದಾನೆ. ಹೆಂಗಸು ಅಡುಗೆಮನೆಯಲ್ಲಿ ಚಹಾ ಕಾಸುತ್ತಿದ್ದಾಳೆ. ಕೆಲಸದ ತನ್ಮಯತೆಯಲ್ಲಿ ಅವನು ಮೆಲ್ಲಗೆ ಒಂದು ರಾಗ ಗುನುಗುತ್ತಾನೆ. ಹಿಂದಿನ ದಿನ ಆ ಹೆಂಗಸು ಬಾಗಿಲು ಹಾಕಿಕೊಂಡು, ತನ್ನಷ್ಟಕ್ಕೇ, ಮೊದಲ ಸಲ ಹಾಡಿದ ರಾಗ ಅದು. ಲೋಕದಲ್ಲಿ ಅದನ್ನು ಬಲ್ಲವಳು ಅವಳೊಬ್ಬಳೇ. ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತವಳ ಮುಖವನ್ನು ಕ್ಯಾಮೆರಾ ಬಹಳ ಹೊತ್ತು ತೋರಿಸುತ್ತದೆ. ಅವಳು ಕೂಗುವುದಿಲ್ಲ. ಬಟ್ಟಲನ್ನು ಅವನ ಪಕ್ಕದಲ್ಲಿಟ್ಟು, ಸಕ್ಕರೆ ಬೇಕೇ ಎನ್ನುತ್ತಾಳೆ. ಆ ದಿನದಿಂದ ಅವಳು ಹಾಡುವುದಿಲ್ಲ.

ಟಿಕೆಟ್ ಯಾಕೆ ಬಂತು ಎಂದು ನನಗೆ ಆಗ ಗೊತ್ತಾಯಿತು. ಪಕ್ಕದ ಸೀಟು ಯಾಕೆ ಖಾಲಿ ಎಂಬುದೂ ಗೊತ್ತಾಯಿತು. ಸಿನಿಮಾವನ್ನು ಇಲ್ಲಿಗೇ ನಿಲ್ಲಿಸಿ ನನ್ನ ಕತೆ ಹೇಳಬೇಕು.

ನೀಲಾ ಲೀಡ್ಸ್‌ಗೆ ಹೋಗುವಾಗ ಹೊಸ ಲ್ಯಾಪ್‌ಟಾಪ್ ಕೊಂಡಳು, ಹಳೆಯ ಟ್ಯಾಬ್ಲೆಟ್ ಮನೆಯಲ್ಲೇ ಬಿಟ್ಟಳು. ಅದು ನಮ್ಮ ಅಡುಗೆಮನೆಯಲ್ಲಿ ಬ್ರೆಡ್ಡಿನ ಡಬ್ಬಿಗೆ ಒರಗಿಕೊಂಡು, ಸುನಂದಾಳ ಡ್ಯೂಟಿಯ ಪಟ್ಟಿ ತೋರಿಸುತ್ತ, ನನಗೆ ಊರಿನ ಸುದ್ದಿ ಓದಿಸುತ್ತ ಇತ್ತು. ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಬೆರಳು ತಪ್ಪಿ ಯಾವುದೋ ಹಳದಿ ಚಿತ್ರ ಒತ್ತಿದೆ. ನೀಲಾಳ ಟಿಪ್ಪಣಿಗಳು ತೆರೆದುಕೊಂಡವು. ಅವಳು ಲೀಡ್ಸ್‌ನಲ್ಲಿ ಫೋನಿನಲ್ಲಿ ಬರೆದದ್ದೆಲ್ಲ ಈ ಟ್ಯಾಬ್ಲೆಟ್ಟಿಗೂ ಬರುತ್ತಿತ್ತು. ಇದು ಅವಳಿಗೆ ಗೊತ್ತಿರಲಿಲ್ಲ, ಅಥವಾ ಮರೆತಿದ್ದಳು. ಮುಚ್ಚಬೇಕಿತ್ತು. ಒಂದು ಸಾಲು ಓದಿದೆ. ಅದರಲ್ಲಿ ನಾನಿದ್ದೆ.

ನಾಟಕದ ಕರಡು ಅದು. ಸೂಪರ್‌ಮಾರ್ಕೆಟ್ಟಿನಲ್ಲಿ ಕನ್ನಡವನ್ನು ಗುಪ್ತಭಾಷೆ ಎಂದು ನಂಬಿದ ಅಪ್ಪನೊಬ್ಬ, ಕೌಂಟರಿನ ಹುಡುಗಿಯ ಕೈ ಎಷ್ಟು ನಿಧಾನ ಎಂದು ಹೆಂಡತಿಗೆ ಜೋರಾಗಿ ಹೇಳುತ್ತಾನೆ; ಆ ಹುಡುಗಿ ತಲೆಯೆತ್ತಿ "ಅಂಕಲ್, ಬ್ಯಾಗ್ ಬೇಕಾ?" ಎನ್ನುತ್ತಾಳೆ. ತುಮಕೂರಿನಿಂದ ಎಂಎಸ್ಸಿ ಓದಲು ಬಂದ ಹುಡುಗಿ. ಇದು ಅಕ್ಷರಶಃ ನಡೆದದ್ದು. ನೀಲಾಗೆ ಆಗ ಹತ್ತು ವರ್ಷ; ಟ್ರಾಲಿ ಹಿಡಿದು ಸುಮ್ಮನೆ ನಿಂತಿದ್ದಳು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುತ್ತವೆ. ಉತ್ತರ ಕನ್ನಡದಲ್ಲಿ ಬರದೆ ಇರುವುದರಿಂದ ಅವು ಕೇಳಿಸಿಕೊಂಡೂ ಇಲ್ಲ ಎಂದು ನಾವು ತಿಳಿಯುತ್ತೇವೆ. ಹೀಗೆ ನೋಡಿದರೆ ನಮ್ಮ ಮನೆಯ ಮೊದಲ ಗೂಢಚಾರಿಣಿ ಅವಳೇ. ಆದರೆ ಅವಳು ತನ್ನೆದುರು ಆಡಿದ್ದನ್ನು ಕೇಳಿಸಿಕೊಂಡಳು, ನಾನು ಅವಳ ಬೆನ್ನ ಹಿಂದೆ ಓದಿದೆ. ವ್ಯತ್ಯಾಸವಿದೆ.

ಆಮೇಲೆ ದಿನಾ ಬೆಳಿಗ್ಗೆ ಓದತೊಡಗಿದೆ. ಸುನಂದಾ ಏಳೂವರೆಗೇ ಹೊರಟುಬಿಡುತ್ತಿದ್ದಳು. ನನಗೆ ಎಂಟೂಕಾಲಿನವರೆಗೆ ಸಮಯವಿತ್ತು. ನೀಲಾಳೊಡನೆ ಫೋನಿನಲ್ಲಿ ನನ್ನ ಮಾತು ಯಾವಾಗಲೂ ಮೂರೇ ನಿಮಿಷ. ಊಟಾ ಆತೇನವಾ ಎನ್ನುತ್ತಿದ್ದೆ, "ಯೆಸ್" ಎನ್ನುತ್ತಿದ್ದಳು. ಹೆಂಗದೀಯವಾ ಎನ್ನುತ್ತಿದ್ದೆ, "ಐ ಆಮ್ ಫೈನ್, ಅಪ್ಪಾ" ಎನ್ನುತ್ತಿದ್ದಳು. ಟಿಪ್ಪಣಿಗಳಲ್ಲಿ ಬೇರೆಯೇ ಹುಡುಗಿಯಿದ್ದಳು. ತಮಾಷೆ ಮಾಡುತ್ತಿದ್ದಳು, ಸಿಟ್ಟಾಗುತ್ತಿದ್ದಳು, ನನ್ನ ನಡಿಗೆಯನ್ನು ನಾಲ್ಕು ಸಾಲಿನಲ್ಲಿ ಕಣ್ಣಿಗೆ ಕಟ್ಟುವಂತೆ ಬರೆದಿದ್ದಳು. ನಾನು ಆ ಹುಡುಗಿಯನ್ನು ತುಂಬ ಪ್ರೀತಿಸಿದೆ. ಇದನ್ನು ಸಮರ್ಥನೆಗಾಗಿ ಹೇಳುತ್ತಿಲ್ಲ, ಸಿನಿಮಾದ ಆ ಬಡಕಲು ಮನುಷ್ಯನೂ ಆ ಹೆಂಗಸಿನ ಹಾಡುಗಳನ್ನು ಪ್ರೀತಿಸುತ್ತಿದ್ದ.

ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ನಾಟಕದ್ದಲ್ಲದ ಟಿಪ್ಪಣಿ ಕಂಡಿತು. ಮೂರು ದಿನದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ, ಪರದೆ ಸರಿಸಿಲ್ಲ, ಯಾರಿಗೂ ಹೇಳಬೇಕೆನಿಸುತ್ತಿಲ್ಲ ಎಂದು ಬರೆದಿತ್ತು. ಕೆಲಸಕ್ಕೆ ರಜೆ ಹೇಳಿ, ಫ್ರೀಜರಿನಲ್ಲಿದ್ದ ಎಣ್ಣೆಗಾಯಿ ಪಲ್ಯ, ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಲೀಡ್ಸ್‌ಗೆ ಕಾರು ಓಡಿಸಿದೆ. ಬಾಗಿಲು ತೆಗೆದವಳ ಕೂದಲು ಸಿಕ್ಕುಗಟ್ಟಿತ್ತು. ಇಲ್ಲೊಂದು ಮೀಟಿಂಗ್ ಇತ್ತು, ಹಂಗ ಬಂದೆ ಎಂದೆ. ಅವಳು ಚೀಲ ನೋಡಿದಳು, ನನ್ನ ಮುಖ ನೋಡಿದಳು, ಅಳುತ್ತ ನಕ್ಕಳು. ನಿಮಗೆ ಹೇಗೆ ಗೊತ್ತಾಯಿತು ಎಂದು ಇಂಗ್ಲಿಷಿನಲ್ಲಿ ಎರಡು ಸಲ ಕೇಳಿದಳು.

"ತಂದಿ ಅಲ್ಲೇನವಾ," ಎಂದೆ. "ಗೊತ್ತಾಗ್ತದ."

ನನ್ನ ಬದುಕಿನಲ್ಲಿ ನಾನು ಆಡಿದ ಮಾತುಗಳಲ್ಲಿ ಇಷ್ಟು ಹೊಲಸು ಮಾತು ಇನ್ನೊಂದಿಲ್ಲ. ಅವತ್ತು ಮಾತ್ರ ಅದು ಬಹಳ ಸೊಗಸಾಗಿ ಕೇಳಿಸಿತು. ಇಬ್ಬರೂ ಅವಳ ಹಾಸಿಗೆಯ ತುದಿಯಲ್ಲಿ ಕೂತು ರೊಟ್ಟಿ ತಿಂದೆವು. ಪರದೆ ನಾನೇ ಸರಿಸಿದೆ. ಸುನಂದಾ ಸಂಜೆ ವಿಚಾರಿಸಿದಾಗ ಆಕೆಗೂ ಅದನ್ನೇ ಹೇಳಿದೆ: ಸುಮ್ಮನ ಮನಸಿಗೆ ಅನಸ್ತು, ಹೋದೆ.

ಇಲ್ಲಿ ಸ್ವಲ್ಪ ವ್ಯಾಕರಣ ಹೇಳಬೇಕಾಗಿದೆ, ಬೇಸರಪಡಬೇಡಿ. ಕೇಳು ಎನ್ನುವುದು ಕನ್ನಡದ ಒಂದು ವಿಚಿತ್ರ ಕ್ರಿಯಾಪದ. ಕಿವಿಯಿಂದ ಕೇಳುವುದೂ ಕೇಳುವುದೇ, ಬಾಯಿಂದ ಪ್ರಶ್ನೆ ಕೇಳುವುದೂ ಕೇಳುವುದೇ. ಹಾಡು ಕೇಳಿದೆ, ದಾರಿ ಕೇಳಿದೆ. ಇವೆರಡೂ ಸಾಲದೆಂದು ಹಿರಿಯರ ಮಾತು ಕೇಳು ಎನ್ನುವಾಗ ಅದು ವಿಧೇಯನಾಗಿರು ಎಂದಾಗುತ್ತದೆ. ಸರಕಾರಗಳಿಗೂ ಅಪ್ಪಂದಿರಿಗೂ ಈ ಮೂರನೆಯ ಅರ್ಥ ಬಲು ಪ್ರಿಯ. ನೀಲಾ ಚಿಕ್ಕವಳಿದ್ದಾಗ ಈ ಪದ ಅವಳನ್ನು ಸಾಕಷ್ಟು ಗೋಳು ಹೊಯ್ದುಕೊಂಡಿತ್ತು. ಮೊದಲ ದಿನ ಶಾಲೆಗೆ ಕಳಿಸುವಾಗ, ಟೀಚರ್ ಹೇಳಿದ್ದು ಕೇಳವಾ ಎಂದು ಕಳಿಸಿದ್ದೆ. ಟೀಚರು ಏನು ಹೇಳಿದರೂ ಇವಳು ಎದ್ದು ನಿಂತು, ನೀವು ಏನು ಹೇಳಿದಿರಿ ಎಂದು ಕೇಳಿದಳಂತೆ. ಮೂರನೆಯ ದಿನ ಶಾಲೆಯವರು ನಮ್ಮನ್ನು ಕರೆದು, ಮಗುವಿನ ಕಿವಿ ಒಮ್ಮೆ ಜಿಪಿ ಹತ್ತಿರ, ಅಂದರೆ ಇಲ್ಲಿನ ಕುಟುಂಬವೈದ್ಯರ ಹತ್ತಿರ, ತೋರಿಸಿ ಎಂದರು. ಸುನಂದಾ ತಾನೇ ಜಿಪಿ, ಬಂದ ನಗೆಯನ್ನು ಹೇಗೋ ತಡೆದುಕೊಂಡು ಬಂದಳು. ಬಹಳ ವರ್ಷ ನಮ್ಮ ಮನೆಯಲ್ಲಿ ಅದೊಂದು ನಗೆಯ ಕತೆಯಾಗಿತ್ತು.

ಲೀಡ್ಸ್‌ಗೆ ಹೋಗಿ ಬಂದ ಹತ್ತು ದಿನಕ್ಕೆ ನಾಟಕದ ಕರಡಿನಲ್ಲಿ ಹೊಸ ದೃಶ್ಯ ಬಂತು. ಬಾಗಿಲು, ಚೀಲ, ರೊಟ್ಟಿ. ಅದುವರೆಗೆ ನಗೆಪಾಟಲಾಗಿದ್ದ ಆ ಅಪ್ಪ ಈ ದೃಶ್ಯದಲ್ಲಿ ಮಗಳು ಹೇಳದೆಯೇ ಎಲ್ಲವನ್ನೂ ಬಲ್ಲವನಾಗಿದ್ದ. ಇಡೀ ನಾಟಕ ಇಂಗ್ಲಿಷಿನಲ್ಲಿತ್ತು. ಈ ದೃಶ್ಯದ ಕೊನೆಗೆ ಮಾತ್ರ, ನೀಲಾ ತನ್ನ ಜೀವಮಾನದಲ್ಲಿ ಮೊದಲ ಸಲ, ಎರಡು ಸಾಲು ಕನ್ನಡ ಬರೆದಿದ್ದಳು. ಲಿಪಿ ಬಾರದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದಿದ್ದಳು.

ಅಪ್ಪಾ, ನೀನು ಕೇಳಲಿಲ್ಲ. ಆದ್ರೂ ಗೊತ್ತಾಯ್ತು.

ಕಣ್ಣು ಮಂಜಾಯಿತು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಮತ್ತೆ ಓದಿದೆ. ಮೂರನೆಯ ಸಲ ಓದುವಾಗ ನನ್ನ ಕಣ್ಣು ಒಂದು ಕಡೆ ನಿಂತಿತು. ನೀನು.

ನಾವು ಧಾರವಾಡದ ಕಡೆಯವರು. ನಮ್ಮಲ್ಲಿ ಅವ್ವನಿಗೆ ನೀ, ಅಪ್ಪನಿಗೆ ನೀವು. ನನ್ನ ಅಪ್ಪನಿಗೆ ನಾನು ಯಾವತ್ತೂ ಏಕವಚನ ಆಡಿದವನಲ್ಲ, ಸಿಟ್ಟಿನಲ್ಲೂ ಬಹುವಚನದಲ್ಲೇ ಸಿಟ್ಟಾಗುತ್ತಿದ್ದೆ. ಆದರೆ ಇಲ್ಲಿ ಯುಗಾದಿಗೋ ದೀಪಾವಳಿಗೋ ಕನ್ನಡದವರು ಸೇರಿದಾಗ ಎಲ್ಲರ ಮಾತೂ ಬೆಂಗಳೂರಿನ ಕಡೆಗೆ ತಿರುಗುತ್ತದೆ. ಬೆಂಗಳೂರಿನ ಕಡೆಯ ಮಕ್ಕಳು ಅಪ್ಪಂದಿರ ಹೆಗಲಿಗೆ ಜೋತುಬಿದ್ದು "ಅಪ್ಪಾ, ನೀನು ಬಾ" ಎನ್ನುತ್ತಾರೆ. ನೀಲಾ ತನ್ನ ನಾಲ್ಕು ಕನ್ನಡ ಮಾತನ್ನು ಅವರಿಂದ ಕಲಿತವಳು. ಇದೆಲ್ಲ ನನಗೆ ಗೊತ್ತಿತ್ತು. ಆದರೂ, ಲೀಡ್ಸ್‌ನ ಸಭಿಕರ ಮುಂದೆ, ಅವರಲ್ಲಿ ಒಬ್ಬಿಬ್ಬರಾದರೂ ಕನ್ನಡದವರಿದ್ದರೆ, ಇವಳ ಮನೆಯಲ್ಲಿ ಅಪ್ಪನಿಗೆ ಏಕವಚನ ಎಂದುಕೊಂಡಾರು ಎಂದೆನಿಸಿತು. ಬೆರಳು ತಾನಾಗಿ ಹೋಯಿತು. ಇಂಗ್ಲಿಷ್ ಲಿಪಿಯಲ್ಲಿ ನೀನು, ನೀವು ಆಗಲು ಒಂದಕ್ಷರ ಬದಲಾದರೆ ಸಾಕು. ಎರಡನೆಯ ಎನ್ ಅಳಿಸಿ ವಿ ಒತ್ತಿದೆ. ಮೇಲೆ ಗೆರೆ ಎಳೆಯಲಿಲ್ಲ, ಹಳೆಯದು ಕಾಣುವಂತೆ ಬಿಡಲಿಲ್ಲ, ಹೆಸರು ಹಾಕಲಿಲ್ಲ, ಕಾರಣ ಬರೆಯಲಿಲ್ಲ. ಚಹಾ ಕುಡಿದು ಕೆಲಸಕ್ಕೆ ಹೋದೆ.

ಮರುದಿನ ಬೆಳಿಗ್ಗೆ ಟ್ಯಾಬ್ಲೆಟ್ ತೆರೆದೆ. ಆ ಎರಡು ಸಾಲಿನ ಕೆಳಗೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆಯಿತ್ತು: ಇದನ್ನು ಯಾರು ಬದಲಿಸಿದರು? ನಾನು ನೋಡುತ್ತಿದ್ದಂತೆಯೇ ಅದರ ಕೆಳಗೆ ಅಕ್ಷರಗಳು ಒಂದೊಂದಾಗಿ ಮೂಡಿದವು. ಅಪ್ಪಾ, ಆಮೇಲೆ ಪ್ರಶ್ನಾರ್ಥಕ ಚಿಹ್ನೆ.

ಅವಳು ಆ ಕ್ಷಣ ಅಲ್ಲಿದ್ದಳು, ಲೀಡ್ಸ್‌ನಲ್ಲಿ, ಫೋನು ಹಿಡಿದು. ನಾನು ಇಲ್ಲಿದ್ದೆ. ಹೌದು ಎಂದು ಎರಡಕ್ಷರ ಒತ್ತಿದ್ದರೆ ಸಾಕಿತ್ತು. ನಾನು ಟ್ಯಾಬ್ಲೆಟ್ ಆರಿಸಿ, ಪಾತ್ರೆ ಒರೆಸುವ ಬಟ್ಟೆಗಳ ಡ್ರಾಯರಿನಲ್ಲಿ, ಬಟ್ಟೆಗಳ ಕೆಳಗೆ ಇಟ್ಟುಬಿಟ್ಟೆ. ಓದಿದ್ದಕ್ಕಿಂತ, ತಿದ್ದಿದ್ದಕ್ಕಿಂತ, ಈ ಡ್ರಾಯರನ್ನು ನೆನೆದಾಗ ನನಗೆ ಹೆಚ್ಚು ನಾಚಿಕೆಯಾಗುತ್ತದೆ. ಸಂಜೆ ಬಂದು ತೆರೆದು ನೋಡಿದರೆ ಟಿಪ್ಪಣಿಗಳು ಒಂದೂ ಇರಲಿಲ್ಲ. ಬರೀ ಬಿಳಿ ಪರದೆ. ಫೋನಿನ ನಕ್ಷೆಯಲ್ಲಿ ಅವಳು ಎಲ್ಲಿದ್ದಾಳೆಂದು ತೋರಿಸುತ್ತಿದ್ದ ಚುಕ್ಕಿಯೂ ಇರಲಿಲ್ಲ. ಆ ಚುಕ್ಕಿಯನ್ನು ಅವಳಾಗಿ ಒಪ್ಪಿ ನಮಗೆ ಕೊಟ್ಟಿದ್ದಳು.

ನೀಲಾ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಸುನಂದಾ ನನ್ನೆದುರು ಕುರ್ಚಿ ಎಳೆದುಕೊಂಡು ಕೂತಳು.

"ಅಕಿನ್ನ ಕೇಳಬೇಕಿತ್ತಲ್ರೀ," ಎಂದಳು.

"ಕೇಳಿದ್ರ ಐ ಆಮ್ ಫೈನ್ ಅಂತಿದ್ಳು."

"ಮತ್ತೊಮ್ಮೆ ಕೇಳಬೇಕಿತ್ತು."

ಸುನಂದಾ ಇನ್ನೊಂದು ಮಾತೂ ಹೇಳಿದಳು. "ಅಕಿ ನಿಮ್ಮನ್ನ ನೀನು ಅಂದಿದ್ದು ಮರ್ಯಾದಿ ಇಲ್ಲಂತಲ್ರೀ. ಹತ್ರ ಬಂದಿದ್ಳು. ನೀವು ಅಂತ ತಿದ್ದಿ ದೂರ ನಿಲ್ಲಿಸಿದ್ರಿ."

ನಾನು ಫೋನು ಮಾಡಿದೆ, ನೀಲಾ ಎತ್ತಲಿಲ್ಲ. ಮೆಸೇಜು ಬರೆದೆ, ಅಳಿಸಿದೆ, ಬರೆದೆ. ಕಳಿಸಿದ್ದರಲ್ಲೆಲ್ಲ ಕಾಳಜಿ, ಭಯ, ಒಬ್ಬಳೇ ಮಗಳು ಎಂಬ ಮಾತುಗಳೇ ಇದ್ದವು. ಎಲ್ಲ ಸರಕಾರಗಳೂ ಇದನ್ನೇ ಹೇಳುತ್ತವೆ ಎಂದು ನನಗೆ ಹೊಳೆದದ್ದು ಆ ಕತ್ತಲೆಯ ಹಾಲಿನಲ್ಲಿ, ಹನ್ನೆರಡನೆಯ ಸೀಟಿನಲ್ಲಿ ಕೂತಾಗ. ನಿಮ್ಮ ಒಳ್ಳೆಯದಕ್ಕೇ ಕೇಳುತ್ತಿದ್ದೇವೆ. ನಿಮಗೆ ಅಪಾಯವಾದರೆ ತಿಳಿಯಬೇಡವೇ? ಪಿಯಾನೊದವನ ಮೇಲಿನ ಅಧಿಕಾರಿಯೂ ಸಿನಿಮಾದಲ್ಲಿ ಬಹಳ ಅಕ್ಕರೆಯ ದನಿಯಲ್ಲೇ ಮಾತಾಡುತ್ತಿದ್ದ.

ಸಿನಿಮಾದ ಉಳಿದ ಭಾಗ ಹೇಳಿಬಿಡುತ್ತೇನೆ. ಹಾಡು ನಿಲ್ಲಿಸಿದ ಹೆಂಗಸು ಬಟ್ಟೆ ಒಗೆಯುವ ಕಡೆ ಕೆಲಸಕ್ಕೆ ಸೇರುತ್ತಾಳೆ. ಅವನು ತಿಂಗಳಿಗೊಮ್ಮೆ ಬರುತ್ತಲೇ ಇರುತ್ತಾನೆ, ಯಾರೂ ಮುಟ್ಟದ ಪಿಯಾನೊದ ಶ್ರುತಿ ಸರಿಮಾಡಿ ಹೋಗುತ್ತಾನೆ. ಅವನ ಕಾಗದಗಳಲ್ಲಿ ವರ್ಷಗಟ್ಟಲೆ ಒಂದೇ ಮಾತು: ಇಂದು ಏನೂ ಇಲ್ಲ. ಅದನ್ನೂ ಮುತ್ತಿನಂಥ ಅಕ್ಷರದಲ್ಲೇ ಬರೆಯುತ್ತಾನೆ. ಕೊನೆಗೆ ಸರಕಾರ ಬೀಳುತ್ತದೆ, ಕಡತಗಳು ಹೊರಬರುತ್ತವೆ. ಮುದುಕಿಯಾದ ಅವಳು ತನ್ನ ಕಡತ ತರಿಸಿ ಓದುತ್ತಾಳೆ. ಹೆದರಿ ಅವಳೇ ಸುಟ್ಟುಹಾಕಿದ್ದ ಹಾಡುಗಳೆಲ್ಲ ಅಲ್ಲಿವೆ, ಅವನ ಕೈಬರಹದಲ್ಲಿ, ಒಂದು ಸ್ವರವೂ ಬಿಡದೆ. ಲೋಕದಲ್ಲಿ ಅವು ಉಳಿದಿರುವುದು ಅಲ್ಲಿ ಮಾತ್ರ. ಅವಳು ಅವನನ್ನು ಹುಡುಕಿಕೊಂಡು ಹೋಗುತ್ತಾಳೆ. ಹನ್ನೊಂದು ವರ್ಷ ಅವಳನ್ನು ಕೇಳಿದವನು ಅವಳನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಈಗ ಅವಳು ಕೇಳುತ್ತಾಳೆ: ಯಾಕೆ? ಅವನು ಕಿವಿಗೆ ಕೈ ಹಿಡಿದು ಮುಂದೆ ಬಾಗುತ್ತಾನೆ. ಅವನಿಗೆ ಕಿವಿ ಪೂರ್ತಿ ಹೋಗಿದೆ. ಅವಳು ಮತ್ತೆ ಕೇಳುತ್ತಾಳೆ, ಅವನು ಮತ್ತೆ ಬಾಗುತ್ತಾನೆ. ಅಷ್ಟೇ. ಪರದೆ ಕಪ್ಪಾಗುತ್ತದೆ. ಯಾರೂ ಒಟ್ಟಿಗೆ ಊಟಕ್ಕೆ ಕೂರುವುದಿಲ್ಲ.

ದೀಪ ಹತ್ತಿದಾಗ ಮುಂದಿನ ಸಾಲಿನ ಕೋಟಿನ ಹೆಂಗಸು ತಿರುಗಿ, ನಿಮ್ಮ ಮಗಳು ಬರಲಿಲ್ಲವೇ ಎಂದರು. ರೈಲು ತಡವಾಗಿರಬೇಕು ಎಂದೆ. ಈ ದೇಶದಲ್ಲಿ ಯಾವ ಸುಳ್ಳಿಗೂ ರೈಲನ್ನು ಮುಂದೆ ಮಾಡಬಹುದು, ಯಾರೂ ಅನುಮಾನಪಡುವುದಿಲ್ಲ. ಡಬ್ಬಿ ಎತ್ತಿಕೊಂಡು ಹೊರಗೆ ಬಂದೆ. ನಾಲ್ಕೂವರೆ ಗಂಟೆ. ಬೂದುಬಣ್ಣದ ಬೆಳಕಿನಲ್ಲಿ ಪಿಕಾಡಿಲಿ ನಿಲ್ದಾಣದವರೆಗೆ ನಡೆದು, ಮ್ಯಾಕಲ್ಸ್‌ಫೀಲ್ಡ್ ಕಡೆಯ ಗಾಡಿ ಬರುವ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆ. ನನಗೂ ವಯಸ್ಸಾಗುತ್ತಿದೆ, ಎಡಗಿವಿ ಈಗಾಗಲೇ ಮಂದ. ಆ ಸಿನಿಮಾದ ಮುದುಕನಷ್ಟು ತಡ ಮಾಡಬಾರದು ಎಂದು ಬಲಗಿವಿಗೆ ಫೋನು ಹಿಡಿದೆ.

ಏಳನೆಯ ಸಲ ರಿಂಗಾದಾಗ ಎತ್ತಿದಳು.

"ನೋಡಿ ಬಂದೆ," ಎಂದೆ. "ತಿದ್ದಿದ್ದು ನಾನಽ. ಓದಿದ್ದೂ ನಾನಽ. ಲೀಡ್ಸ್‌ನ್ಯಾಗ ಮೀಟಿಂಗ್ ಇರ್ಲಿಲ್ಲ. ತಂದಿ ಅಂತ ಗೊತ್ತಾಗಿದ್ದಲ್ಲ, ಕದ್ದು ಓದಿ ಗೊತ್ತಾಗಿದ್ದು."

"ಐ ನೋ," ಎಂದಳು.

"ಹೆಂಗದೀಯವಾ?"

"ಐ ಆಮ್ ಫೈನ್."

ಗಾಡಿ ಬಂತು. ಬಾಗಿಲುಗಳು ತೆರೆದವು, ಜನ ಇಳಿದರು, ಹತ್ತಿದರು. ನಾನು ಏಳಲಿಲ್ಲ.

"ಮತ್ತೊಮ್ಮೆ ಕೇಳಾಕತ್ತೀನಿ," ಎಂದೆ. "ಹೆಂಗದೀ?"

ಬಾಗಿಲುಗಳು ಮುಚ್ಚಿದವು. ಗಾಡಿ ಹೋಯಿತು. ಆಮೇಲೆ ನೀಲಾ, ನನ್ನೊಡನೆ ಯಾವತ್ತೂ ಇಂಗ್ಲಿಷಿನಲ್ಲೇ ಮಾತಾಡಿದ ನನ್ನ ಮಗಳು, ನಿಧಾನವಾಗಿ, ಅಕ್ಷರ ಎಣಿಸುವಂತೆ ಹೇಳಿದಳು.

"ಅಪ್ಪಾ, ನೀನು ಕೇಳಲಿಲ್ಲ."

ಎರಡನೆಯ ಸಾಲು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಅವಳ ನಾಟಕದಲ್ಲೂ ಅದು ಈಗ ಇಲ್ಲವೆಂದು ಮುಂದೊಂದು ದಿನ ಅವಳೇ ಹೇಳಿದಳು. ಮೊದಲ ಸಾಲು ಒಂದೇ ಉಳಿದಿದೆ, ಏಕವಚನದಲ್ಲೇ ಇದೆ. ಕೇಳಲಿಲ್ಲ ಎಂದರೆ ವಿಚಾರಿಸಲಿಲ್ಲ ಎಂದೋ, ಕಿವಿಗೊಡಲಿಲ್ಲ ಎಂದೋ ನನಗೆ ತಿಳಿಯಲಿಲ್ಲ. ತಿಳಿದುಕೊಂಡು ತಿದ್ದುವ ಆಸೆ ನಾಲಿಗೆಯ ತುದಿಯವರೆಗೆ ಬಂತು, ನುಂಗಿಕೊಂಡೆ.

"ಹೌದವಾ," ಎಂದೆ. "ಈಗ ಹೇಳು."

ಅವಳು ಶುರು ಮಾಡಿದಳು. ಪರದೆ ಸರಿಸದ ಆ ಮೂರು ದಿನಗಳಿಂದಲೇ ಶುರು ಮಾಡಿದಳು. ಇನ್ನೆರಡು ಗಾಡಿಗಳು ಬಂದು ಹೋದವು. ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ನಾಟಕಕ್ಕೆ ಬಾ ಎಂದೂ ಹೇಳಿಲ್ಲ. ಆ ಚುಕ್ಕಿ ನಕ್ಷೆಗೆ ಮರಳಿ ಬಂದಿಲ್ಲ. ಡಬ್ಬಿಯಲ್ಲಿ ಕರದಂಟು ಹಾಗೇ ಇದೆ, ಕೆಡುವ ಪದಾರ್ಥವಲ್ಲ. ಇದನ್ನು ಬರೆಯಲೇ ಎಂದು ಮಾತ್ರ ಅವಳನ್ನು ಮುಂಚಿತವಾಗಿ ಕೇಳಿದೆ, ಎರಡು ಸಲ ಕೇಳಿದೆ. ಎರಡನೆಯ ಸಲಕ್ಕೆ ಒಪ್ಪಿದಳು. ಅವತ್ತು ಆ ಬೆಂಚಿನ ಮೇಲೆ ಅವಳು ನನಗೆ ಏನೇನು ಹೇಳಿದಳು ಎಂಬುದು ಇಲ್ಲಿಲ್ಲ. ನೀವು ಎಷ್ಟೇ ಹತ್ತಿರದವರಿರಲಿ, ದಯವಿಟ್ಟು ಅದನ್ನು ಕೇಳಬೇಡಿ.